ರಕ್ತಕ್ಕಿಂತ ಸುಳ್ಳೇ ಜಾಸ್ತಿ ಹೆದರಿಸುತ್ತದೆ

ಸೂಪರ್‌ಹೀರೋಗಳ ಕರಾಳ ಮುಖ ತೋರಿಸುವ 'ದಿ ಬಾಯ್ಸ್' ವೆಬ್ ಸರಣಿ ಅಂದರೆ ಬರೀ ರಕ್ತ, ಬೈಗುಳ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ, ಊಟ ಮಾಡುತ್ತಾ ನೋಡುವಂಥದ್ದಂತೂ ಅಲ್ಲ. ಆದರೆ 2019ರ ಮೊದಲ ಸೀಸನ್ನಿನ ವಿಮಾನದ ದೃಶ್ಯ ಮರೆತಿರಾ? ಅಪಹರಣಕಾರನನ್ನು ಕೊಲ್ಲುವ ಭರದಲ್ಲಿ ಸೂಪರ್‌ಹೀರೋ ತಂಡದ ನಾಯಕ ಹೋಮ್‌ಲ್ಯಾಂಡರ್ ಕಣ್ಣಿನ ಲೇಸರಿನಿಂದ ವಿಮಾನದ ಕಂಟ್ರೋಲನ್ನೇ ಸುಟ್ಟುಹಾಕುತ್ತಾನೆ. ಕೆಲವರನ್ನಾದರೂ ಉಳಿಸೋಣ ಅಂತ ಅವನ ಜೊತೆಗಿದ್ದ ಸೂಪರ್‌ಹೀರೋ ಮೇವ್ ಎಷ್ಟು ಬೇಡಿಕೊಂಡರೂ ಕೇಳುವುದಿಲ್ಲ, ಯಾಕೆಂದರೆ ಬದುಕಿದವರು ಬಾಯಿಬಿಟ್ಟರೆ ಇವನ ಬಂಡವಾಳ ಬಯಲಾಗುತ್ತದಲ್ಲ! ಆಮೇಲೆ ಅವಶೇಷ ತೇಲಿಬಂದ ದಡದಲ್ಲೇ ಕ್ಯಾಮೆರಾ ಮುಂದೆ ನಿಂತು, ನಮ್ಮನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದರೆ ಇವರೆಲ್ಲ ಉಳಿಯುತ್ತಿದ್ದರು ಅನ್ನೋ ಧಾಟಿಯಲ್ಲಿ ಭಾಷಣ. ಜನ ನಂಬುತ್ತಾರೆ. ಆ ದೃಶ್ಯದಲ್ಲಿ ರಕ್ತ ಎಷ್ಟಿತ್ತು ಅಂತ ನನಗೆ ನೆನಪೇ ಇಲ್ಲ, ಅವನ ಆ ಸೋಗಿನ ಮುಖ ಮಾತ್ರ ಮರೆಯಲಾಗಿಲ್ಲ.

ಇನ್ನು ಸ್ಟಾರ್‌ಲೈಟ್. ಅದೇ ತಂಡಕ್ಕೆ ಹೊಸದಾಗಿ ಸೇರಿದ, ತನ್ನ ಶಕ್ತಿ ದೇವರು ಕೊಟ್ಟ ವರ ಅಂತ ನಂಬಿ ಬೆಳೆದ ಹುಡುಗಿ. ಆದರೆ ಮಗುವಾಗಿದ್ದಾಗ, ಈ ಸೂಪರ್‌ಹೀರೋಗಳನ್ನು ನಡೆಸುವ ವಾಟ್ ಕಂಪನಿಯ ಕಾಂಪೌಂಡ್ ವಿ ಅನ್ನೋ ಶಕ್ತಿ ಬರಿಸುವ ಔಷಧಿ ಕೊಡಿಸಿದ್ದು ಅಮ್ಮನಿಗೆ ಗೊತ್ತಿದ್ದೇ ಇತ್ತು. ನನಗೆ ವಿಮಾನಕ್ಕಿಂತ ಇದೇ ಜಾಸ್ತಿ ಚುಚ್ಚಿತು, ಇಲ್ಲಿ ಸುಳ್ಳು ಹೇಳಿದವಳು ಮನೆಯವಳೇ ಅಲ್ವಾ. ಅಂದಹಾಗೆ, ದೊಡ್ಡ ಕಂಪನಿಗಳನ್ನು ಹೀಗೆ ಗೇಲಿ ಮಾಡುವ ಸರಣಿಗೆ ದುಡ್ಡು ಹಾಕಿರುವುದು ಅಮೆಜಾನ್. ಲೇಖನದಲ್ಲಿ ಅದನ್ನೂ ಒಂದು ಸಾಲು ಬರೆಯಬಹುದಿತ್ತು.