ಹಸಿರು ಚುಕ್ಕೆಯ ಆಡಳಿತ

ನಮ್ಮ ಉದ್ಯಮಪತಿಗಳಿಗೆ ಅಂಕಗಣಿತದ ಮೇಲಿರುವ ಭಕ್ತಿಯನ್ನು ಮೆಚ್ಚಲೇಬೇಕು. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯ ಹೊತ್ತಿಗೆ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿ, ಭಾನುವಾರ ಮನೆಯಲ್ಲಿದ್ದು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ವಿಚಾರಿಸಿದರು. ಹೆಂಡತಿಯೂ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದರೆ ಈ ತಾಪತ್ರಯವೇ ಇಲ್ಲ. ಆಕೆಯ 90 ಗಂಟೆಯೂ ಸೇರಿ ಇಬ್ಬರೂ ಮುಖ ಮರೆಯುವುದು ಖಚಿತ.

ಇದರಲ್ಲಿ ಅವರ ತಪ್ಪಾದರೂ ಏನಿದೆ? ಬೆಂಗಳೂರಿನ ಸಾಫ್ಟ್‌ವೇರ್ ಸೇವೆಯ ಬಹುಪಾಲು ಬೆಳೆದದ್ದೇ ಇಂಜಿನಿಯರನ ಗಂಟೆಯನ್ನು ಪರದೇಶದ ಗ್ರಾಹಕನಿಗೆ ಮಾರಿ. ಸರಕು ಗಂಟೆಯೇ ಆಗಿರುವಾಗ ಮ್ಯಾನೇಜರನು ಗಂಟೆಯನ್ನಲ್ಲದೆ ಮತ್ತೇನನ್ನು ಎಣಿಸಿಯಾನು? ಹುಡುಗಿಯೊಬ್ಬಳು ಮಧ್ಯಾಹ್ನವಿಡೀ ಕಿಟಕಿಯಾಚೆ ನೋಡುತ್ತ ಕುಳಿತು, ಮೂರು ವಾರಗಳಿಂದ ಕಾಡುತ್ತಿದ್ದ ಬಗ್‌ನ, ಅಂದರೆ ಕೋಡಿನ ದೋಷದ ಮೂಲ ಕಂಡುಹಿಡಿದು ನಾಲ್ಕು ಸಾಲುಗಳಲ್ಲಿ ಸರಿಪಡಿಸಿದರೆ, ಟೈಮ್‌ಶೀಟಿನಲ್ಲಿ ಅದನ್ನು ಬರೆಯಲು ಕಾಲಮ್ಮೇ ಇರುವುದಿಲ್ಲ. 1982ರಲ್ಲಿ ಆಪಲ್‌ನ ಲೀಸಾ ಕಂಪ್ಯೂಟರಿನ ತಂಡದವರಿಂದ ವಾರಕ್ಕೆಷ್ಟು ಸಾಲು ಕೋಡು ಬರೆದಿರೆಂಬ ಲೆಕ್ಕ ಕೇಳಿದಾಗ, ಹಳೆಯ ಕೋಡನ್ನು ಚಿಕ್ಕದಾಗಿಯೂ ಚುರುಕಾಗಿಯೂ ತಿದ್ದಿ ಮುಗಿಸಿದ್ದ ಬಿಲ್ ಅಟ್ಕಿನ್ಸನ್ ನಮೂನೆಯಲ್ಲಿ ಮೈನಸ್ 2000 ಎಂದು ತುಂಬಿ ಕೊಟ್ಟರು. ಕೆಲವು ವಾರಗಳಲ್ಲಿ ಅವರಿಂದ ಆ ನಮೂನೆ ಕೇಳುವುದನ್ನೇ ಬಿಟ್ಟರಂತೆ. ನಮ್ಮಲ್ಲಾಗಿದ್ದರೆ ಅವರಿಗೆ ಅಪ್ರೈಸಲ್‌ನಲ್ಲಿ ಸುಧಾರಣೆ ಅಗತ್ಯವೆಂಬ ಷರಾ ಬೀಳುತ್ತಿತ್ತು.

ಈಗಿನ ಮ್ಯಾನೇಜರನಿಗೆ ಸಾಲು ಎಣಿಸುವ ಶ್ರಮವೂ ಬೇಡ. ಕಚೇರಿಯ ಮಾತುಕತೆಗೆ ಬಳಸುವ ಟೀಮ್ಸ್ ಆ್ಯಪ್‌ನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆಯಿದ್ದರೆ ಮನುಷ್ಯ ದುಡಿಯುತ್ತಿದ್ದಾನೆ, ಮೌಸು ಅಲುಗದೆ ಅದು ಹಳದಿಯಾದರೆ ದೇಶದ್ರೋಹ. ಇದಕ್ಕೆ ನಮ್ಮ ಹುಡುಗರು ಕಂಡುಕೊಂಡ ಮದ್ದು ಸೊಗಸಾಗಿದೆ: ಮುಳ್ಳಿನ ಕೈಗಡಿಯಾರವನ್ನು ಮೇಜಿನ ಮೇಲೆ ಮಲಗಿಸಿ ಮೌಸನ್ನು ಅದರ ಮೇಲೆ ಇಟ್ಟರಾಯಿತು. ಸೆಕೆಂಡಿನ ಮುಳ್ಳು ತಿರುಗಿದಂತೆಲ್ಲ ಪರದೆಯ ಮೇಲೆ ಬಾಣ ಅಲುಗುತ್ತದೆ, ಚುಕ್ಕೆ ಹಸಿರಾಗಿಯೇ ಉಳಿಯುತ್ತದೆ. ಕೇಳಿದ್ದು ಗಂಟೆ, ಕೊಟ್ಟಿದ್ದು ಗಡಿಯಾರ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಕೀಬೋರ್ಡು ಚಟುವಟಿಕೆಯ ಇಂಥದೇ ನಟನೆಗಾಗಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳುಹಿಸಿತು. ಅಷ್ಟು ದಿನ ಅವರಿಂದ ಯಾವ ಕೆಲಸ ಆಗದೆ ಉಳಿಯಿತೆಂಬುದು ಚುಕ್ಕೆ ನೋಡಿ ತಿಳಿಯುವ ಸಂಗತಿಯಲ್ಲ.

ಪ್ರಾಜೆಕ್ಟು ತಡವಾದಾಗ ಈ ಗಣಿತ ಇನ್ನೂ ಮನೋಹರವಾಗುತ್ತದೆ. ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್‌ನ ನಿರ್ಮಾಣ ನಡೆಸಿ ಪಾಠ ಕಲಿತಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ಹೊಸಬರಿಗೆ ಕಲಿಸುವವರು ಕೆಲಸ ಬಿಟ್ಟೇ ಕಲಿಸಬೇಕು. ಐವರಿದ್ದಾಗ ಪರಸ್ಪರ ಮಾತಾಡುವ ಜೋಡಿಗಳು 10, ಹತ್ತು ಜನರಾದರೆ 45. ನಮ್ಮವರು ಹತ್ತು ಜನರನ್ನು ಮಾಡಿ, ಆ 45 ಜೋಡಿಗಳನ್ನೂ ಒಂದೇ ಕಾಲ್‌ನಲ್ಲಿ ಕೂರಿಸುತ್ತಾರೆ. ನಿಂತು ಹದಿನೈದು ನಿಮಿಷಗಳಲ್ಲಿ ಮುಗಿಸಲೆಂದೇ ಹುಟ್ಟಿದ ಸ್ಟ್ಯಾಂಡ್-ಅಪ್ ಎಂಬ ತಂಡದ ದಿನನಿತ್ಯದ ಸಭೆ ನಮ್ಮಲ್ಲಿ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತ ಕ್ಯಾಬಿನೊಳಗೆ ಕುಳಿತು ನಡೆಯುತ್ತದೆ. ನಿನ್ನೆಯದೇ ಟಿಕೆಟ್ (ವಹಿಸಿದ ಕೆಲಸ), ಇವತ್ತೂ ಅದೇ, ಬ್ಲಾಕರ್ (ಕೆಲಸಕ್ಕೆ ಅಡ್ಡಿ) ಏನಿಲ್ಲ ಎಂದು ಒಬ್ಬ ಹೇಳುತ್ತಿರುವಾಗ ಉಳಿದ ಒಂಬತ್ತು ಮಂದಿ ಮ್ಯೂಟ್‌ನಲ್ಲಿ ತಿಂಡಿ ತಿನ್ನುತ್ತಿರುತ್ತಾರೆ. ಡೇಟಾಬೇಸಿಗೆ ಪ್ರವೇಶದ ಅನುಮತಿ ಕೇಳಿ ಎಂಟು ದಿನವಾಯಿತೆಂಬ ನಿಜವಾದ ಬ್ಲಾಕರ್ ಅನ್ನು ಅಲ್ಲಿ ಎತ್ತಿದವನಿಗೆ ಸಿಗುವ ಉತ್ತರ ಒಂದೇ, ಅದನ್ನು ಆಫ್‌ಲೈನ್, ಅಂದರೆ ಸಭೆಯ ಆಚೆ, ನೋಡೋಣ.

ಇನ್ನು ತಮಾಷೆ ಸಾಕು. 2024ರ ಜುಲೈನಲ್ಲಿ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದಿದೆ ಎಂದು ಐಟಿ ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಉದ್ಯಮದ ಒತ್ತಡ ಇದೆಯೆಂದು ಕಾರ್ಮಿಕ ಸಚಿವರೇ ಒಪ್ಪಿಕೊಂಡರು. 14 ಗಂಟೆ ಕಚೇರಿ, ಹೊರ ವರ್ತುಲ ರಸ್ತೆಯಲ್ಲಿ ಹೋಗಿಬರಲು ಮೂರು ಗಂಟೆ. ಉಳಿದ ಏಳರಲ್ಲಿ ಊಟ, ಮಗು, ನಿದ್ದೆ. ಹದಿಮೂರನೆಯ ಗಂಟೆಯಲ್ಲಿ ತೂಕಡಿಸುತ್ತ ಬರೆದ ಕೋಡು ರಾತ್ರಿ ಎರಡಕ್ಕೆ ಕುಸಿದಾಗ ಎದ್ದು ಸರಿಪಡಿಸುವವನೂ ಅವನೇ. ತಂಡ ನಡೆಸಲು ಬಾರದವರು ತಮ್ಮ ಅಸಾಮರ್ಥ್ಯದ ಬೆಲೆಯನ್ನು ಅವನ ನಿದ್ದೆಯಿಂದ ಕಟ್ಟಿಸಿಕೊಳ್ಳುತ್ತಿದ್ದಾರೆ. ಗ್ರಾಹಕನಿಗೆ ಈ ಗಡುವು ಆಗದು ಎಂದು ಒಮ್ಮೆ ಹೇಳಲು ಧೈರ್ಯವಿಲ್ಲದವನಿಗೆ ಕಾನೂನಿನ ತಿದ್ದುಪಡಿ ಬೇಕಾಗಿದೆ.

2025ರ ಜೂನ್‌ನಲ್ಲಿ ಅದೇ ಪ್ರಸ್ತಾವ ಮತ್ತೆ ಬಂದಿತು, ಈ ಬಾರಿ ಓವರ್‌ಟೈಮ್ ಸೇರಿ 12 ಗಂಟೆ. ಕೆ.ಆರ್. ಮಾರ್ಕೆಟ್ಟಿನ ಚೌಕಾಶಿಯಂತೆ ಎರಡು ಗಂಟೆ ಇಳಿಸಿದ್ದಾರೆ; ಇಷ್ಟಕ್ಕೇ ಕೊಟ್ಟುಬಿಡಿ ಎಂಬ ಧಾಟಿಯಲ್ಲಿ.