ಒಂದು ಟೆಂಟಿಗೆ ಎಷ್ಟು ಜನ?

2025ರ ಫೆಬ್ರವರಿಯ ಒಂದು ರಾತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆಯಿಲ್ಲದವರನ್ನು ಎಣಿಸಿದೆ. ಗಾಡಿ ಓಡಿಸುತ್ತಿದ್ದವರು ನಿವೃತ್ತ ಶಿಕ್ಷಕರು. ಅವರ ಪಕ್ಕ ನಕ್ಷೆ ಹಿಡಿದು ಕೂತದ್ದು ಕಾಲೇಜು ಹುಡುಗಿ. ಮೊಬೈಲಿನ ಆ್ಯಪ್ ಒತ್ತುವ ಕೆಲಸ ನನ್ನದು. ಹೊರಡುವ ಮೊದಲೇ ತಾಕೀತು ಮಾಡಿದ್ದರು: ಯಾರನ್ನೂ ಮಾತನಾಡಿಸಬೇಡಿ, ಮುಖಕ್ಕೆ ಟಾರ್ಚು ಬಿಡಬೇಡಿ, ಟೆಂಟಿನೊಳಗೆ ಇಣುಕಬೇಡಿ. ಗೋದಾಮುಗಳ ಸಾಲಿನ ಹಿಂದೆ ಒಂದು ಹಳೇ ಆರ್‌ವಿ ನಿಂತಿತ್ತು. ಆರ್‌ವಿ ಎಂದರೆ ಒಳಗೇ ಹಾಸಿಗೆ, ಒಲೆ ಇರುವ ಮನೆಗಾಡಿ. ಕಿಟಕಿಗಳಿಗೆ ರಟ್ಟು ಅಂಟಿಸಿತ್ತು, ಸಂದಿಯಲ್ಲಿ ಹಳದಿ ಬೆಳಕು. ಒಳಗೆ ಎಷ್ಟು ಜನ ಇರಬಹುದು ಎಂದು ಕೇಳಿದೆ. ಮೇಷ್ಟ್ರು ಬ್ರೇಕಿನಿಂದ ಕಾಲು ತೆಗೆಯುತ್ತಾ, "ಅದು ನಮ್ಮ ತಲೆನೋವಲ್ಲ, ಒಂದು ಆರ್‌ವಿ ಅಂತ ಒತ್ತಿ" ಎಂದರು. ಒತ್ತಿದೆ.

ಲಾಸ್ ಏಂಜಲೀಸ್ ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಒಳಗೆ 88 ನಗರಗಳು, ಜನ ಹತ್ತಿರ ಹತ್ತಿರ ಒಂದು ಕೋಟಿ. ಇಲ್ಲಿ ಪ್ರತಿ ವರ್ಷ ಜನವರಿಯಲ್ಲಿ, ಮೂರು ರಾತ್ರಿ, ಸಾವಿರಾರು ಸ್ವಯಂಸೇವಕರು ಬೀದಿ ಬೀದಿ ಸುತ್ತಿ ಎಣಿಸುತ್ತಾರೆ. ಫೆಡರಲ್ ವಸತಿ ಇಲಾಖೆಯ ಅನುದಾನ ಬೇಕಾದರೆ ಈ ಲೆಕ್ಕ ಕೊಡಲೇಬೇಕು. ಕೋವಿಡ್ ಕಾರಣಕ್ಕೆ 2021ರಲ್ಲಿ ಬೀದಿ ಎಣಿಕೆ ನಡೆಯಲಿಲ್ಲ. 2025ರಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚು ಹೊತ್ತಿ ಸಾವಿರಾರು ಮನೆಗಳೇ ಸುಟ್ಟುಹೋದ್ದರಿಂದ ಫೆಬ್ರವರಿಗೆ ಹೋಯಿತು. ಲಾಂಗ್ ಬೀಚ್, ಪಾಸಡೀನಾ, ಗ್ಲೆಂಡೇಲ್ ಊರುಗಳು ತಮ್ಮ ಪಾಡಿಗೆ ಎಣಿಸಿ ಲೆಕ್ಕ ಸೇರಿಸುತ್ತವೆ. ಮಿಕ್ಕದ್ದನ್ನೆಲ್ಲ ನೋಡಿಕೊಳ್ಳುವುದು ಲಾಸಾ ಎಂಬ ಪ್ರಾಧಿಕಾರ. 1993ರಲ್ಲಿ ನಗರ ಮತ್ತು ಕೌಂಟಿ ಸೇರಿ ಕಟ್ಟಿದ್ದು.

ನಾನು ಒತ್ತಿದ ಆ ಒಂದು ಆರ್‌ವಿ ಆಮೇಲೆ ಮನುಷ್ಯರಾಗುವ ಬಗೆ ಹೀಗೆ. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದವರು ಬೀದಿಯಲ್ಲಿರುವವರ ಒಂದು ಮಾದರಿಯನ್ನು ಪ್ರತ್ಯೇಕವಾಗಿ ಮಾತನಾಡಿಸಿ, ಟೆಂಟಿಗೆ ಸರಾಸರಿ ಇಷ್ಟು, ಕಾರಿಗೆ ಇಷ್ಟು, ಆರ್‌ವಿಗೆ ಇಷ್ಟು ಎಂದು ಲೆಕ್ಕ ಹಾಕಿರುತ್ತಾರೆ. ಅದರಿಂದ ಗುಣಿಸುತ್ತಾರೆ. ಆರ್‌ವಿಯೊಳಗೆ ಅಜ್ಜಿ ಒಬ್ಬಳೇ ಇದ್ದಿರಬಹುದು, ಐದು ಜನರ ಸಂಸಾರವೂ ಇದ್ದಿರಬಹುದು. ಕಾಗದದ ಮೇಲೆ ಒಂದೂವರೆ ಜೀವವೋ ಏನೋ ಆಗಿರುತ್ತದೆ.

ಬೇಸಿಗೆಯಲ್ಲಿ ಫಲಿತಾಂಶ ಬಂತು: ಇಡೀ ಕೌಂಟಿಯಲ್ಲಿ 72,308. ಹಿಂದಿನ ವರ್ಷ 75,312 ಇತ್ತು, ಅದರ ಹಿಂದಿನ ವರ್ಷ 75,518. ಶೇ 4ರಷ್ಟು ಇಳಿಕೆ, ಅದೂ ಸತತ ಎರಡನೇ ವರ್ಷ ಎಂದು ಮೈಕುಗಳ ಮುಂದೆ ಸಂತೋಷ ವ್ಯಕ್ತವಾಯಿತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ನಮ್ಮ ಡಿಡಿಪಿಐಗಳು ಹೇಳುವ ಧಾಟಿ ನೆನಪಾಯಿತು.

ಆದರೆ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಹಾಲಿವುಡ್, ವೆನಿಸ್, ಸ್ಕಿಡ್ ರೋ ಈ ಮೂರು ಕಡೆ ತನ್ನದೇ ಜನರನ್ನಿಟ್ಟು, ವರ್ಷಕ್ಕೊಮ್ಮೆಯಲ್ಲ, ಮತ್ತೆ ಮತ್ತೆ ಎಣಿಸುತ್ತಾ ಬಂದಿದೆ. ಅವರ ಲೆಕ್ಕಕ್ಕೂ ಸರ್ಕಾರಿ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸರ್ಕಾರಿ ಎಣಿಕೆ ಒಳ್ಳೇ ಪ್ರಮಾಣದಲ್ಲೇ ಜನರನ್ನು ಬಿಟ್ಟಿತ್ತು. ಕಾರಣ ಕೇಳಿದರೆ ಎಂಥವರಿಗೂ ಹೊಳೆಯಬೇಕಾದದ್ದೇ. ನಗರಸಭೆ ಟೆಂಟು ಕಿತ್ತರೆ ಟೆಂಟು ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಅವನು ಒಂದು ಕಂಬಳಿ ಸುತ್ತಿಕೊಂಡು ಅಂಗಡಿ ಬಾಗಿಲಿನ ಮೂಲೆಯಲ್ಲೋ ಪೊದೆಯ ಹಿಂದೆಯೋ ಮುದುಡಿಕೊಳ್ಳುತ್ತಾನೆ. ಕಾರಿನಲ್ಲಿ ಹೋಗುವ ನಮ್ಮಂಥವರ ಕಣ್ಣಿಗೆ ಟೆಂಟು ಬೀಳುತ್ತದೆ, ಕಂಬಳಿ ಬೀಳುವುದಿಲ್ಲ. ಟೆಂಟುಗಳನ್ನು ತೆರವು ಮಾಡಿದ ಊರಿನಲ್ಲಿ ಸಂಖ್ಯೆ ಇಳಿದರೆ ಅದರಲ್ಲಿ ಎಷ್ಟು ಮನೆಗೆ ಸೇರಿದವರು, ಎಷ್ಟು ಕಣ್ಮರೆಯಾದವರು ಎಂದು ಬಿಡಿಸಿ ಹೇಳುವುದು ಕಷ್ಟ.

ಇಷ್ಟಾದರೂ ನಾನು ಈ ಎಣಿಕೆಯ ಪರ. ಯಾಕೆಂದರೆ ಜಗಳವಾಡುವುದಕ್ಕೆ ಇವರ ಹತ್ತಿರ ಒಂದು ಸಂಖ್ಯೆಯಾದರೂ ಇದೆ. ನಮ್ಮಲ್ಲಿ ಅದು ಹತ್ತು ವರ್ಷಕ್ಕೊಮ್ಮೆ ಸಿಗುವ ವಸ್ತು. ಕೊನೆಯ ಸಲ ಸಿಕ್ಕಿದ್ದು 2011ರಲ್ಲಿ, ಫೆಬ್ರವರಿ 28ರ ರಾತ್ರಿ ದೇಶದ ಉದ್ದಗಲಕ್ಕೆ ಎಣಿಸಿದಾಗ: ಸುಮಾರು 17.7 ಲಕ್ಷ. ಆ ರಾತ್ರಿ ಹುಟ್ಟಿದ ಮಗು ಈಗ ಹೈಸ್ಕೂಲು. ಇಡೀ ಭಾರತಕ್ಕೆ ಹದಿನೇಳು ಲಕ್ಷ ಚಿಲ್ಲರೆ, ಈ ಒಂದು ಕೌಂಟಿಗೇ ಎಪ್ಪತ್ತೆರಡು ಸಾವಿರ ಎಂದು ಪಕ್ಕಪಕ್ಕ ಇಟ್ಟರೆ ಅಮೆರಿಕವೇ ಬಡದೇಶ ಅನ್ನಿಸಬೇಕು. ನಮ್ಮ ಕನ್ನಡ ಬಳಗದ ವಾಟ್ಸಾಪಿನಲ್ಲಿ ಹಾಗೆ ಎದೆಯುಬ್ಬಿಸಿದವರಿದ್ದಾರೆ. ಗುಟ್ಟು ಇರುವುದು ವ್ಯಾಖ್ಯೆಯಲ್ಲಿ.

ಇಲ್ಲಿ ಮನುಷ್ಯ ವಾಸಕ್ಕೆಂದು ಮಾಡದ ಜಾಗದಲ್ಲಿ ರಾತ್ರಿ ಕಳೆದರೆ ನೀವು ಮನೆಯಿಲ್ಲದವರು. ಕಾರು, ಟೆಂಟು, ಸೇತುವೆಯಡಿ ಎಲ್ಲವೂ ಬಂತು. ಸರ್ಕಾರಿ ತಂಗುದಾಣದಲ್ಲಿ ಮಲಗಿದ್ದರೂ ಲೆಕ್ಕಕ್ಕೆ ಸೇರುತ್ತೀರಿ. ನಮ್ಮ ಜನಗಣತಿಗೆ ತಲೆಯ ಮೇಲೊಂದು ಸೂರು ಇದ್ದರೆ ಸಾಕು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಸಂಸಾರ ಖಾಲಿ ಸೈಟಿನಲ್ಲಿ ನಾಲ್ಕು ತಗಡು, ಮೇಲೆ ನೀಲಿ ಟಾರ್ಪಾಲು ಹೊದಿಸಿದ ಶೆಡ್ಡಿನಲ್ಲಿರುತ್ತದೆ. ಕಟ್ಟಡ ಮುಗಿದ ದಿನ ಶೆಡ್ಡೂ ಮುಗಿಯಿತು. ಅದೇ ಶೆಡ್ಡನ್ನು ಎತ್ತಿ ತಂದು ಲಾಸ್ ಏಂಜಲೀಸಿನ ಫುಟ್‌ಪಾತಿನಲ್ಲಿಟ್ಟರೆ ನಾನೇ ಆ್ಯಪಿನಲ್ಲಿ ಒತ್ತುತ್ತಿದ್ದೆ. ಬೆಂಗಳೂರಿನಲ್ಲಿ ಅದು ಮನೆ.

ತಿರುಗಾಮುರುಗಾ ಆಗುವುದೂ ಉಂಟು. ಕೆಲಸ ಹೋಗಿ ತಮ್ಮನ ಮನೆಯ ಸೋಫಾದ ಮೇಲೆ ಮಲಗಿರುವವನನ್ನು ಇಲ್ಲಿಯ ವಸತಿ ಇಲಾಖೆ ಎಣಿಸುವುದಿಲ್ಲ. ತಮಾಷೆಯೆಂದರೆ ಅದೇ ಸರ್ಕಾರದ ಶಿಕ್ಷಣ ಇಲಾಖೆ ಅಂಥ ಮನೆಯ ಮಕ್ಕಳನ್ನು ಮನೆಯಿಲ್ಲದವರೆಂದೇ ಬರೆದುಕೊಳ್ಳುತ್ತದೆ. ಇದನ್ನು ಮೊದಲು ಕೇಳಿದಾಗ ನನಗೆ ನಗು ಬಂತು. ಆ ಲೆಕ್ಕದಲ್ಲಿ ನಮ್ಮಪ್ಪ ಮನೆಯಿಲ್ಲದವರಾಗಿದ್ದರು. ಬೆಂಗಳೂರಿಗೆ ಬಂದ ಹೊಸತರಲ್ಲಿ ಮೂರು ವರ್ಷ ಸೋದರಮಾವನ ಮನೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿದವರು ಅವರು. ಆಮೇಲೆ ನಮ್ಮ ಹಜಾರದಲ್ಲಿ ಊರಿಂದ ಬಂದ ಯಾರಾದರೊಬ್ಬರು ಮಲಗದ ತಿಂಗಳೇ ನನಗೆ ನೆನಪಿಲ್ಲ. ಯಾವ ಬಜೆಟ್ಟಿನಲ್ಲೂ ಇಲ್ಲದ ತಂಗುದಾಣ ಎಂದರೆ ನಮ್ಮ ಹಜಾರಗಳು. ಅದರ ಖರ್ಚನ್ನು ತೆತ್ತವಳು ಅಮ್ಮ, ಬೆಳಗ್ಗೆ ಎರಡು ಲೋಟ ಅಕ್ಕಿ ಜಾಸ್ತಿ ಹಾಕಿ. ಇಲ್ಲಿ ಬಾಡಿಗೆ ಕರಾರಿನಲ್ಲೇ ಯಾರ್ಯಾರು ಇರುತ್ತಾರೆಂದು ಹೆಸರು ಬರೆಸಿಕೊಳ್ಳುತ್ತಾರೆ. ನೆಂಟ ಎರಡು ವಾರದ ಮೇಲೆ ಉಳಿದರೆ ಮಾಲೀಕನಿಂದ ಕಾಗದ ಬರುವ ಮನೆಗಳಿವೆ.

ಬಾಡಿಗೆಯ ಮಾತು ಬಂದಾಗ ನನ್ನ ಸ್ನೇಹಿತರು ಒಪ್ಪದ ಒಂದು ಮಾತು ಹೇಳುತ್ತೇನೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸನ್ನು ಬಯ್ಯದವರಿಲ್ಲ, ನಾನೂ ಬಯ್ದಿದ್ದೇನೆ. ಆದರೆ ಕೆಲಸ ಹೋದಾಗ "ಸಾರ್, ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಎಂದು ಮಾಲೀಕರಿಗೆ ಹೇಳಿ ನಾಲ್ಕು ತಿಂಗಳು ತಳ್ಳಿದ ಸಂಸಾರಗಳನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ, ಚಿಕ್ಕ ಮಾಲೀಕರಿಗೆ ಮಾತ್ರ ಕೊಂಚ ವಿನಾಯಿತಿ. ಮನೆ ಸೇರುವವನಿಗೆ ಒಳ್ಳೆಯದೇ. ಆದರೆ ಬಾಡಿಗೆ ತಪ್ಪಿದರೆ ಬಾಗಿಲಿಗೆ ಬೀಳುವುದು ಮೂರು ದಿನದ ನೋಟಿಸು. ಕೊಡು, ಇಲ್ಲವೇ ಬಿಡು. ಕೋರ್ಟಿಗೆ ಹೋದರೆ ಇನ್ನಷ್ಟು ವಾರ ಸಿಗುತ್ತದೆ, ಆದರೆ ಅದರ ಕಲೆ ದಾಖಲೆಗೆ ಅಂಟಿಕೊಂಡರೆ ಮುಂದಿನ ಮನೆಯವನು ಸೇರಿಸುವುದಿಲ್ಲ. ಹತ್ತು ತಿಂಗಳ ಹಣ ಹೊಂದಿಸಲಾಗದ ಗುಳೆಯವರಿಗೆ ಬೆಂಗಳೂರಿನ ಈ ಮೆತ್ತೆ ಸಿಗುವುದಿಲ್ಲ ಎಂಬುದೂ ನಿಜ, ಅವರ ಪಾಲಿಗಿರುವುದು ಶೆಡ್ಡೇ.

ಇಲ್ಲಿಯ ಭಾರತೀಯರ ಪೇಟೆಯಾದ ಆರ್ಟೀಷಿಯಾದ ಪಯೋನೀರ್ ಬುಲೆವಾರ್ಡಿನ ಹೋಟೆಲಿನಲ್ಲಿ ಕೂತು ಇದನ್ನೆಲ್ಲ ಹೇಳಿದರೆ ಬರುವ ಉತ್ತರ ಒಂದೇ: "ಅವ್ರೆಲ್ಲ ಡ್ರಗ್ಸ್ ತಗೊಳ್ಳೋರು ಕಣ್ರೀ, ಬೇರೆ ಕಡೆಯಿಂದ ಬಿಸಿಲಿಗೆ ಅಂತ ಬಂದೋರು." ಡ್ರಗ್ಸ್ ಇದೆ, ಅಲ್ಲಗಳೆಯುವುದಿಲ್ಲ. 2023ರಲ್ಲಿ ಈ ಕೌಂಟಿಯಲ್ಲಿ ಮನೆಯಿಲ್ಲದ 2,508 ಮಂದಿ ಸತ್ತರು, ದಿನಕ್ಕೆ ಸುಮಾರು ಏಳು. ಎಲ್ಲಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಡ್ರಗ್ಸ್‌ನ ಮಿತಿಮೀರಿದ ಸೇವನೆಯೇ. ಆದರೆ ಬೇರೆ ಕಡೆಯಿಂದ ಬಂದವರು ಎಂಬುದು ಸುಳ್ಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮನೆ ಕಳೆದುಕೊಂಡದ್ದು ಇದೇ ರಾಜ್ಯದಲ್ಲಿ. ಮುಕ್ಕಾಲು ಪಾಲು ಜನ ಇನ್ನೂ ಅದೇ ಕೌಂಟಿಯಲ್ಲೇ ಇದ್ದರು. ಬೀದಿಗೆ ಬೀಳುವ ಮೊದಲಿನ ಆರು ತಿಂಗಳಲ್ಲಿ ಅವರಲ್ಲಿ ಅರ್ಧದಷ್ಟು ಜನರ ಮನೆಯ ಆದಾಯ ತಿಂಗಳಿಗೆ 960 ಡಾಲರಿನ ಒಳಗೇ. ಆ ದುಡ್ಡಿಗೆ ಇಲ್ಲಿ ಒಂದು ಕೋಣೆಯ ಅರ್ಧ ಸಿಗುತ್ತದೆ. ಟೆಕ್ಸಸ್ಸಿನ ಹ್ಯೂಸ್ಟನ್ ಇದೇ ದೇಶದ್ದು, ಇದೇ ರೀತಿ ಎಣಿಸುತ್ತದೆ, ಅಲ್ಲೂ ಡ್ರಗ್ಸ್ ಇದೆ. ಒಂದು ದಶಕದಲ್ಲಿ ಅಲ್ಲಿ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಮೊದಲು ಮನೆ, ಆಮೇಲೆ ಬುದ್ಧಿವಾದ ಎಂಬ ನೀತಿ ಎರಡೂ ಕಡೆ ಇದೆ. ಆ ನೀತಿಯಂತೆ ಕೊಡಲು ಅಗ್ಗದ ಮನೆಗಳು ಇರುವುದು ಹ್ಯೂಸ್ಟನ್ನಿನಲ್ಲಿ ಮಾತ್ರ.

ಹಣದ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಬಾಲ್ಯಕ್ಕೂ ಇದಕ್ಕೂ ನಂಟಿದೆ. ನಾನು ಬೆಳೆದದ್ದು ಮಾಗಡಿ ರಸ್ತೆಯಲ್ಲಿ. ಸುಮನಹಳ್ಳಿಯ ಆ ದೊಡ್ಡ ಕಾಂಪೌಂಡಿಗೆ ಬೋರ್ಡಿನಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಎಂದಿದ್ದರೂ ನಮ್ಮೆಲ್ಲರ ಬಾಯಲ್ಲಿ ಬೆಗ್ಗರ್ಸ್ ಕಾಲೋನಿ. ಓದದಿದ್ದರೆ ಅಲ್ಲಿಗೆ ಬಿಟ್ಟುಬರುತ್ತೇನೆ ಎಂದು ಅಪ್ಪ ಹೆದರಿಸುತ್ತಿದ್ದರು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 3 ಉಪಕರ ಈ ಕೇಂದ್ರಗಳಿಗೆಂದೇ ಇದೆ. ತಾನು ಮನೆಯಿಲ್ಲದವರಿಗಾಗಿ ತೆರಿಗೆ ಕಟ್ಟುತ್ತಿದ್ದೇನೆ ಎಂದು ಬೆಂಗಳೂರಿನ ಎಷ್ಟು ಮನೆ ಮಾಲೀಕರಿಗೆ ಗೊತ್ತು? ಹತ್ತಾರು ವರ್ಷ ಕಟ್ಟಿದ ಅಪ್ಪನಿಗೇ ಗೊತ್ತಿರಲಿಲ್ಲ. 2010ರ ಆಗಸ್ಟಿನಲ್ಲಿ ಆ ಕಾಂಪೌಂಡಿನೊಳಗೆ ಸಾವಿನ ಮೇಲೆ ಸಾವು ಸಂಭವಿಸಿ ಪತ್ರಿಕೆಗಳು ಬರೆದ ಮೇಲೆ ಊರಿಗೆ ಅದರ ನೆನಪಾಯಿತು. ಬೀದಿಯಲ್ಲಿ ಹಿಡಿದವರನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಅಲ್ಲಿ ಬಿಡುತ್ತಿದ್ದರು, ಅವರಲ್ಲಿ ಭಿಕ್ಷೆ ಬೇಡುವವರಾರು, ಬರೀ ಮಲಗಿದ್ದವರಾರು ಎಂದು ಕೇಳುವವರಿರಲಿಲ್ಲ. ನಮ್ಮ ಕಾಯ್ದೆಯ ಕಣ್ಣಿಗೆ ಕಂಡದ್ದು ಚಾಚಿದ ಕೈ. ಮಲಗುವ ಜಾಗ ಕಾಣಲಿಲ್ಲ.

ಲಾಸ್ ಏಂಜಲೀಸಿನಲ್ಲಿ ಜನರ ಮುಂದೆಯೇ ಮತಕ್ಕಿಟ್ಟು ಇದಕ್ಕೆಂದು ಮಾರಾಟ ತೆರಿಗೆ ಹಾಕಿಕೊಂಡರು. 2017ರಲ್ಲಿ ಡಾಲರಿಗೆ ಕಾಲು ಸೆಂಟ್, 2024ರ ನವೆಂಬರಿನ ಮತದಾನದಲ್ಲಿ ಅದನ್ನು ಅರ್ಧ ಸೆಂಟಿಗೆ ಏರಿಸಿದರು, ಕೊನೆಯ ದಿನಾಂಕವೇ ಇಲ್ಲದಂತೆ. ದಿನಸಿಗೆ ಈ ತೆರಿಗೆ ಇಲ್ಲ. ಕುಕ್ಕರ್ ಕೊಂಡರೆ ಇದೆ, ಹೋಟೆಲಿನ ಮಸಾಲೆ ದೋಸೆಗೂ ಇದೆ. ಕೇಳಿ ಕಟ್ಟಿಸಿಕೊಂಡ ತೆರಿಗೆಯಾದ್ದರಿಂದ ಲೆಕ್ಕವನ್ನೂ ಕೇಳುತ್ತಾರೆ. ಮನೆ ಕಟ್ಟಲು 2016ರಲ್ಲಿ ನಗರದ ಮತದಾರರು ಒಪ್ಪಿದ 120 ಕೋಟಿ ಡಾಲರಿನ ಸಾಲಪತ್ರದಿಂದ ಎದ್ದ ಕೆಲವು ಕಟ್ಟಡಗಳಲ್ಲಿ ಒಂದೊಂದು ಪುಟ್ಟ ಮನೆಗೆ 6 ಲಕ್ಷ ಡಾಲರ್ ದಾಟಿತು ಎಂದು ತಿಳಿದಾಗ ಗಲಾಟೆಯಾಯಿತು. 2025ರಲ್ಲಿ ಕೋರ್ಟು ಮಾಡಿಸಿದ ಲೆಕ್ಕತಪಾಸಣೆಯವರು ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಪೂರ್ತಿ ಹಿಡಿಯಲಾಗುತ್ತಿಲ್ಲ ಎಂದರು. ಅದರ ಮುಂದಿನ ತಿಂಗಳೇ ಕೌಂಟಿ ಲಾಸಾದಿಂದ 30 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ವಾಪಸು ತೆಗೆದುಕೊಂಡು ತನ್ನದೇ ಇಲಾಖೆ ತೆರೆಯಲು ತೀರ್ಮಾನಿಸಿತು. ಹೊಸ ಇಲಾಖೆ ಹಳೆಯದಕ್ಕಿಂತ ಚೆನ್ನಾಗಿ ನಡೆಯುತ್ತದೆಂದು ನನಗೇನೂ ನಂಬಿಕೆಯಿಲ್ಲ. ಬೋರ್ಡು ಬದಲಾಯಿಸುವುದರಲ್ಲಿ ಎರಡೂ ದೇಶ ಒಂದೇ. ನಿಜವಾದ ತೊಡಕು 2020ರಲ್ಲಿ ಲಾಸಾದವರೇ ಹೇಳಿದ ಒಂದು ಲೆಕ್ಕದಲ್ಲಿದೆ: ದಿನಕ್ಕೆ 207 ಜನ ಬೀದಿಯಿಂದ ಮನೆ ಸೇರುತ್ತಿದ್ದರೆ 227 ಜನ ಹೊಸದಾಗಿ ಬೀದಿಗೆ ಬೀಳುತ್ತಿದ್ದರು. ತಳ ತೂತಾದ ಕೊಡಪಾನಕ್ಕೆ ಎಷ್ಟು ದುಬಾರಿ ನಲ್ಲಿ ಹಾಕಿಸಿದರೇನು.

ನಮ್ಮಲ್ಲಿ ಕಾಗದದ ಮೇಲೆ ಒಳ್ಳೆಯ ನಿಯಮವಿದೆ: ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ, ತಲೆಗೆ 50 ಚದರಡಿ, ದಿನದ 24 ಗಂಟೆಯೂ ತೆರೆದಿರಬೇಕು. ಸುಪ್ರೀಂ ಕೋರ್ಟಿನ ಒತ್ತಾಯದಿಂದ ಬಂದದ್ದು. ಬೆಂಗಳೂರಿನ ಲೆಕ್ಕಕ್ಕೆ ನೂರಕ್ಕೂ ಹೆಚ್ಚು ಬೇಕಾದೀತು. ಮೆಜೆಸ್ಟಿಕ್ಕಿನಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ರಾತ್ರಿ ಹನ್ನೊಂದರ ಮೇಲೆ ನಡೆದು ನೋಡಿದವರಿಗೆ ಎಷ್ಟಿವೆ ಎಂದು ಬೇರೆ ಹೇಳಬೇಕಿಲ್ಲ.

2027ರ ಜನಗಣತಿಯಲ್ಲಿ ಮತ್ತೆ ಆ ಒಂದು ರಾತ್ರಿ ಬರಲಿದೆ. ನನ್ನ ಬಾಮೈದ ನೆಲಮಂಗಲದ ಕಡೆ ಸರ್ಕಾರಿ ಶಾಲೆ ಮೇಷ್ಟ್ರು. 2025ರ ಜಾತಿ ಸಮೀಕ್ಷೆಗೂ ಅವನೇ ಓಡಾಡಿದ್ದ. ಆಗ ಕರೆಂಟಿನ ಮೀಟರಿನ ಆಧಾರದ ಮೇಲೆ ಮನೆಗಳಿಗೆ ಸ್ಟಿಕರ್ ಅಂಟಿಸಿದ್ದರು, ಮೀಟರಿಲ್ಲದ ಮನೆ ಹುಡುಕುವುದೇ ಒಂದು ಪಾಡು ಎಂದು ಫೋನಿನಲ್ಲಿ ಗೋಳಾಡಿದ್ದ. ಮೊನ್ನೆ ಅವನಿಗೆ ನಮ್ಮ ಎಣಿಕೆಯ ಕಥೆಯನ್ನೆಲ್ಲ ಹೇಳಿ, ಕೆರೆ ಏರಿಯ ಪಕ್ಕದ ಆ ಶೆಡ್ಡುಗಳವರನ್ನು ಮಾತ್ರ ಬಿಟ್ಟುಬಿಡಬೇಡ, ಮನೆಯಿಲ್ಲದವರು ಅಂತಲೇ ಬರ್ಕೋ ಎಂದೆ.

"ಅದೆಂಗ್ ಬರ್ಕೊಳ್ಳೋದು ಭಾವ? ಶೆಡ್ಡಿಗೂ ಮನೆ ನಂಬರ್ ಕೊಡ್ತೀವಲ್ಲ" ಎಂದ.