ತಂಬುಳಿಯನ್ನು ಮಾತ್ರೆ ಮಾಡಬೇಡಿ

ಯಾವ ವಾಟ್ಸಾಪ್ ಗುಂಪು ತೆಗೆದರೂ ಒಣಸೊಪ್ಪು, ಬೇರಿನ ಪುಡಿಗಳನ್ನು ಹೊಗಳುವ ಅದೇ ಪಟ್ಟಿ. ನುಗ್ಗೆಸೊಪ್ಪಿನ ಪುಡಿಯಲ್ಲಿ ಹಾಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇದೆಯಂತೆ! ಸುಳ್ಳೇನಲ್ಲ. ಆದರೆ ಆ ಲೆಕ್ಕ 100 ಗ್ರಾಂ ಪುಡಿಗೆ. ಸೊಪ್ಪು ಒಣಗಿದಾಗ ನೀರು ಹೋಗಿ ಉಳಿದದ್ದೆಲ್ಲ ಒತ್ತೊತ್ತಾಗಿ ಕೂರುತ್ತದೆ, ಅಷ್ಟೇ. ದಿನಾ 100 ಗ್ರಾಂ ನುಗ್ಗೆ ಪುಡಿ ತಿನ್ನುವವರು ಯಾರಿದ್ದಾರೆ? ಒಂದು ಚಮಚ ತಿಂದರೆ ಹೆಚ್ಚು. ಹಾಲನ್ನಾದರೆ ಒಂದು ಲೋಟ ಕುಡಿಯುತ್ತೇವೆ. ಹಾಗೆ ನೋಡಿದರೆ ಕ್ಯಾಲ್ಸಿಯಂನಲ್ಲಿ ಲೋಟವೇ ಗೆಲ್ಲುತ್ತದೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಸೊಪ್ಪು, ಹೂ, ಕಾಯಿ ಒಣಗಿಸಿ ಇಡುತ್ತಿದ್ದದ್ದು ಮಳೆಗಾಲಕ್ಕೆ ಮತ್ತು ಕೆಟ್ಟ ಹೊಟ್ಟೆಗೆ. ಬೇಸಿಗೆಯಲ್ಲಿ ಕೊಡಸಿಗೆ ಗಿಡ ಬಿಳಿಯಾಗಿ ಹೂ ಬಿಡುತ್ತದೆ. ಆ ಹೂ ಆರಿಸಿ ಒಣಗಿಸಿ ಡಬ್ಬಕ್ಕೆ ಹಾಕುವುದು. ಜಡಿಮಳೆ ಹಿಡಿದು, ಯಾರಿಗಾದರೂ ಭೇದಿ ಶುರುವಾದರೆ ಒಂದು ಚಿಟಿಕೆ ಹೂ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ಬಿಸಿ ಅನ್ನಕ್ಕೆ ಕಲಸಿ ಉಂಡರೆ ಆಯಿತು. ಇದೇ ಗಿಡದ ತೊಗಟೆಯಿಂದ ಆಯುರ್ವೇದದವರು ಕುಟಜಾರಿಷ್ಟ ಮಾಡುತ್ತಾರೆ. ಅದು ಬಲವಾದ ಮದ್ದು. ಹೂ ಅಡುಗೆಮನೆಗೆ, ತೊಗಟೆ ಪಂಡಿತರಿಗೆ. ಈ ಗಡಿ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಪುಡಿ ಮಾರುವವರು ಅಳಿಸುತ್ತಿರುವುದು ಇದನ್ನೇ.

ನೆಲ್ಲಿಚಟ್ಟು, ಅಂದರೆ ಒಣಗಿಸಿದ ನೆಲ್ಲಿಕಾಯಿ, ಅದೂ ಹಾಗೆಯೇ. ಬಿಸಿಲಲ್ಲಿ ಒಣಗಿಸಿದರೆ ಸಿ ವಿಟಮಿನ್ ಒಂದಷ್ಟು ಹೋಗುತ್ತದೆ, ಆದರೆ ಒಗರು ಉಳಿಯುತ್ತದೆ. ಹೊಟ್ಟೆಗೆ ಬೇಕಾದದ್ದು ಆ ಒಗರೇ ಅಲ್ವಾ? ಶುಂಠಿಯಲ್ಲಿ ಇನ್ನೂ ಮಜಾ ಇದೆ. ಹಸಿ ಶುಂಠಿಗೆ ಖಾರ ಕೊಡುವ ಜಿಂಜರಾಲ್ ಎಂಬ ಅಂಶ ಒಣಗುವಾಗ ಒಂದು ಪಾಲು ಶೋಗಾಲ್ ಎಂಬ ಬೇರೆ ಅಂಶವಾಗುತ್ತದೆ. ಅದರ ಖಾರ ಜಾಸ್ತಿ. ಕಷಾಯದ ಪುಡಿಗೆ ಒಣಶುಂಠಿಯೇ ಬೇಕು ಅಂತ ಹಿರಿಯರು ಹಟ ಹಿಡಿಯುವುದು ಸುಮ್ನೆ ಅಲ್ಲ.

ಮನೆಮದ್ದು, ಏನೂ ಆಗಲ್ಲ ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಜ್ಯೇಷ್ಠಮಧು ಗಂಟಲಿಗೆ ಹಿತ. ಆದರೆ ದಿನವೂ ಜಾಸ್ತಿ ತಿಂದರೆ ರಕ್ತದೊತ್ತಡ ಏರುತ್ತದೆ, ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರು ಅದರ ಕಡ್ಡಿ ಜಗಿಯುತ್ತಾ ಕೂರಬಾರದು. ಕೊರೋನಾ ಕಾಲದಲ್ಲಿ ಜನ ಅಮೃತಬಳ್ಳಿಯನ್ನು ನೀರಿನಂತೆ ಕುಡಿದರು. ಅದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದಿದೆ ಎಂದು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಜಗಳ ಏನೇ ಇರಲಿ, ತಿಂಗಳುಗಟ್ಟಲೆ ಲೋಟ ಲೋಟ ಕುಡಿಯುವ ಪದ್ಧತಿಯನ್ನು ನಾನಂತೂ ಯಾವ ಅಜ್ಜಿಯ ಮನೆಯಲ್ಲೂ ನೋಡಿಲ್ಲ.

ಕೊಳ್ಳುವುದಾದರೆ ಗ್ರಂಧಿಗೆ ಅಂಗಡಿಯಲ್ಲಿ ಬೇರು, ಕಾಯಿ, ಕಡ್ಡಿ ಇಡಿಯಾಗಿ ಕೊಳ್ಳಿ. ಹುಳು ಹಿಡಿದಿದ್ದರೆ, ಬೂಸ್ಟು ಬಂದಿದ್ದರೆ ಕಣ್ಣಿಗೆ ಕಾಣುತ್ತದೆ. ಪುಡಿಯಲ್ಲಿ ಏನು ಬೆರೆತಿದೆ ಅಂತ ಯಾರು ಹೇಳಬೇಕು?

ಪೇಟೆಯಲ್ಲಿ ಕೊಡಸಿಗೆ ಹೂ ಸಿಗುವುದು ಕಷ್ಟ. ಬದಲಿಗೆ ದಾಳಿಂಬೆ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳಿ, ಅದರ ತಂಬುಳಿಯೂ ಬಲು ರುಚಿ. ಅಂಗಡಿ ಹಣ್ಣಿಗೆ ಔಷಧಿ ಹೊಡೆದಿರುತ್ತಾರೆ, ಹಿತ್ತಿಲ ಗಿಡದ್ದಾದರೆ ಒಳ್ಳೆಯದು. ಬೆರಳಗಲದ ಎರಡು ತುಂಡು ಸಾಕು. ಜಾಸ್ತಿ ಹಾಕಿದರೆ ಕಹಿ ಬಂದು ಮಕ್ಕಳು ತಟ್ಟೆ ಬಿಟ್ಟು ಏಳುತ್ತಾರೆ.